ದೇವರ ಹಿಂದಿನ ತಂತಿ

ಸತ್ಯವತಿಗೆ ಹೇಸಿಗೆ ಬೇಗ ಆಗುತ್ತದೆ. ನಂಜನಗೂಡಿನ ಶಾಲೆಯಲ್ಲಿ ಪಕ್ಕದ ಹುಡುಗಿ ಉಗುಳು ಹಚ್ಚಿ ಸ್ಲೇಟು ಒರೆಸಿದರೆ ಸಾಕು, ಇವಳು ಆ ದಿನದ ಊಟ ಬಿಡುತ್ತಿದ್ದಳು. ಮದುವೆಮನೆಯಲ್ಲಿ ಬಡಿಸುವವರ ಹಣೆಯ ಬೆವರು ಎಲ್ಲಿ ಬೀಳುತ್ತದೆ ಎಂದು ನೋಡುತ್ತಾ ಕೂತು, ಪಾಯಸ ಬರುವ ಮೊದಲೇ ಎಲೆ ಮಡಿಚುತ್ತಿದ್ದಳು. ಮದುವೆಯಾಗಿ ಜಪಾನಿಗೆ ಹೊರಟಾಗ ಅವಳ ದೊಡ್ಡಮ್ಮ ಇಂದಿರಾ ನಕ್ಕು ಹೇಳಿದ್ದರು: "ನಿನಗೇ ಹೇಳಿ ಮಾಡಿಸಿದ ದೇಶ ಕಣೆ. ಅಲ್ಲಿ ರಸ್ತೆ ಮೇಲೇ ಅನ್ನ ಕಲಸ್ಕೊಂಡು ತಿನ್ನಬಹುದಂತೆ."

ರಸ್ತೆಯೇನೋ ಹಾಗೆಯೇ ಇತ್ತು. ಆದರೆ ಅವಳು ಬದುಕಬೇಕಾಗಿದ್ದದ್ದು ಮನೆಯೊಳಗೆ.

ಕಾವಾಸಾಕಿಯ ಆ ಮನೆ ಏಳನೇ ಮಹಡಿಯಲ್ಲಿದೆ. ಬಾಲ್ಕನಿಯಲ್ಲಿ ನಿಂತರೆ ದೂರದಲ್ಲಿ ಕಾರ್ಖಾನೆಗಳ ಕೆಂಪು ಬಿಳಿ ಚಿಮಣಿಗಳು, ಹತ್ತಿರದಲ್ಲಿ ಎದುರು ಕಟ್ಟಡದವರು ಒಣಹಾಕಿದ ಬಟ್ಟೆಗಳು. ಮನೆಯನ್ನು ಅವಳ ಗಂಡ ಉಮಾಶಂಕರನ ಕಂಪನಿ ಬಾಡಿಗೆಗೆ ಹಿಡಿದಿದೆ. ಬೆಂಗಳೂರಿನಿಂದ ಬಂದವರು ಇಲ್ಲಿ ಇರುತ್ತಾರೆ, ಹೋಗುತ್ತಾರೆ, ಇನ್ನೊಬ್ಬರು ಬರುತ್ತಾರೆ. ಮೊದಲು ದ್ವಾರಕಾನಾಥರ ಸಂಸಾರ, ಆಮೇಲೆ ವಿನಾಯಕನದು, ಈಗ ಇವರದು. ಹೋಗುವವರು ಬರುವವರಿಗೆ ಬಟ್ಟೆ ಒಗೆಯುವ ಯಂತ್ರ, ಕುಕ್ಕರು, ಒಂದು ಎತ್ತರದ ಕಬ್ಬಿಣದ ರ್‍ಯಾಕು, ಅರ್ಧ ಡಬ್ಬಿ ಹುಣಸೆಹಣ್ಣು ಬಿಟ್ಟು ಹೋಗುತ್ತಾರೆ. ಬೀಗದ ಕೈಯ ಜೊತೆ ಒಂದು ಬುದ್ಧಿಮಾತನ್ನೂ ಕೊಡುತ್ತಾರೆ: ಕೆಳಗೆ ಮೇಲ್ವಿಚಾರಕರು ಓತ್ಸುಕಾ-ಸಾನ್ ಇದ್ದಾರೆ, ಅವರನ್ನು ಏನೂ ಕೇಳಬೇಡಿ. ದ್ವಾರಕಾನಾಥರು ಒಮ್ಮೆ, ಅಗರಬತ್ತಿ ಹಚ್ಚಬಹುದೇ ಎಂದು ಕೇಳಿದ್ದರು. ಮಾರನೇ ದಿನವೇ ಲಿಫ್ಟಿನಲ್ಲಿ ಹೊಗೆಯ ಬಗ್ಗೆ ಒಂದು ವಿನಯವಾದ ಪ್ರಕಟಣೆ ಅಂಟಿತ್ತು. ಅಂದಿನಿಂದ ಕೇಳದೆ ಇರುವುದೇ ಆ ಮನೆಯ ಸಂಪ್ರದಾಯ.

ದೇವರ ಜಾಗವೂ ಹಾಗೆಯೇ ಬಳುವಳಿಯಾಗಿ ಬಂದದ್ದು. ದ್ವಾರಕಾನಾಥರ ಹೆಂಡತಿ ಮೈಸೂರಿನ ಪುರೋಹಿತರಿಗೆ ಫೋನಿನಲ್ಲಿ ಇಡೀ ಮನೆ ತೋರಿಸಿ, ಹಜಾರದ ಗೋಡೆಬೀರುವೇ ಈಶಾನ್ಯ ಎಂದು ತೀರ್ಮಾನಿಸಿದ್ದರು. ಬೀರುವಿನೊಳಗೆ ಸ್ಟೀಲಿನ ಮಂಟಪ ಬಂತು, ಹಿತ್ತಾಳೆಯ ದೀಪ ಬಂತು, ತಾಮ್ರದ ಚೊಂಬು, ಕನ್ನಡಿ, ಬೆಳ್ಳಿ ತಗಡಿನ ಪಟಗಳು ಬಂದವು. ಇಂಟರ್ನೆಟ್ಟಿನ ಕೇಬಲ್ಲೂ ಅದೇ ಬೀರುವಿನೊಳಗೆ ಗೋಡೆಯಿಂದ ಹೊರಬರುತ್ತಿತ್ತು. ಹಾಗಾಗಿ ವೈಫೈ ಕೊಡುವ ರೂಟರು ಮಂಟಪದ ಕೆಳಗೆ, ಎಣ್ಣೆ ಕ್ಯಾನಿಗೂ ಬತ್ತಿಯ ಡಬ್ಬಿಗೂ ನಡುವೆ ಕುಕ್ಕುರುಗಾಲಿನಲ್ಲಿ ಕೂತಿತ್ತು. ಮೂರು ಸಂಸಾರಗಳು ಅದಕ್ಕೂ ದಿನಾ ಮಂಗಳಾರತಿ ಎತ್ತಿದ್ದವು.

ಉಮಾಶಂಕರನ ಕೆಲಸವೇ ವೈಫೈ. ಕೊಲ್ಲಿಯ ದಂಡೆಯ ದೊಡ್ಡ ದೊಡ್ಡ ಗೋದಾಮುಗಳಲ್ಲಿ ಸರಕು ಎತ್ತುವ ಗಾಡಿ ಯಾವ ಮೂಲೆಯಲ್ಲಿ ನಿಂತರೂ ಸಿಗ್ನಲ್ ಸಿಗುವ ಹಾಗೆ ಮಾಡುವವನು ಅವನು. ಮನೆಯಲ್ಲಿ ಬಚ್ಚಲು ದಾಟಿದರೆ ಸಿಗ್ನಲ್ ಸಿಗುತ್ತಿರಲಿಲ್ಲ. ಹನ್ನೊಂದು ವರ್ಷ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಅವನು ಹಜಾರದ ಸೋಫಾದಲ್ಲೇ ಕೂರುತ್ತಿದ್ದ.

ಆ ಹನ್ನೊಂದು ವರ್ಷ ಸತ್ಯವತಿ ಜಪಾನೀ ಭಾಷೆ ಕಲಿತಳು. ಮಂಗಳವಾರ ಬೆಳಿಗ್ಗೆ ವಾರ್ಡಿನ ಸಮುದಾಯ ಭವನದಲ್ಲಿ ನಿವೃತ್ತ ಶಿಕ್ಷಕಿಯರು ಕಲಿಸುತ್ತಿದ್ದರು. ಸೂಪರ್ ಮಾರ್ಕೆಟ್ಟಿನ ಕರಪತ್ರಗಳ ಬಿಳಿ ಬೆನ್ನಿನ ಮೇಲೆ ಅವಳು ಒಂದೊಂದು ಅಕ್ಷರವನ್ನೂ ನೂರು ಸಲ ಬರೆದಳು. ಅನ್ನ ಬೇಯುವಷ್ಟು ಹೊತ್ತು ಹತ್ತು ಅಕ್ಷರ, ಮಗಳು ಸ್ಫೂರ್ತಿ ಮಲಗಿದಷ್ಟು ಹೊತ್ತು ಇಪ್ಪತ್ತು. ಎರಡು ಸಲ ಪರೀಕ್ಷೆಯಲ್ಲಿ ಬಿದ್ದು ಮೂರನೇ ಸಲ ಎದ್ದಳು. ಮೂವತ್ತೊಂಬತ್ತನೇ ವಯಸ್ಸಿಗೆ ಅವಳ ಹೆಸರಿಗೆ ಒಂದು ಕೆಲಸ ಬಂತು. ಆಸ್ಪತ್ರೆಗಳಿಗೆ, ವಾರ್ಡ್ ಕಚೇರಿಗಳಿಗೆ ಮನೆಯಿಂದಲೇ ದುಭಾಷಿ. ಕಂಪನಿ ಒಂದು ಟ್ಯಾಬ್ಲೆಟ್ ಕೊಟ್ಟಿತ್ತು. ಅದರ ಪರದೆಯ ಮೇಲೆ ಒಂದು ಕಡೆ ನರ್ಸು, ಇನ್ನೊಂದು ಕಡೆ ಭಾಷೆ ಬಾರದೆ ಕಂಗಾಲಾದ ಯಾರೋ ಒಬ್ಬರು. ನಡುವೆ ಸತ್ಯವತಿ.

ನಿಯಮಗಳು ಕಟ್ಟುನಿಟ್ಟು. ಬಾಗಿಲು ಹಾಕಿದ ಕೋಣೆಯಲ್ಲೇ ಕೂರಬೇಕು, ಮಾತು ಇನ್ನೊಬ್ಬರ ಕಿವಿಗೆ ಬೀಳಬಾರದು. ಕೆಲಸಕ್ಕೆ ಬಳಸುವ ವೈಫೈಯನ್ನು ಮನೆಯ ಬೇರೆಯವರ ಜೊತೆ ಹಂಚಿಕೊಳ್ಳುವಂತಿದ್ದರೆ ಮೊದಲು ತಿಳಿಸಬೇಕು, ಹಂಚಿಕೊಳ್ಳದಿದ್ದರೆ ಉತ್ತಮ. ಮೂರು ತಿಂಗಳು ಪರೀಕ್ಷೆಯ ಅವಧಿ. ನಿಯಮ ಮುರಿದರೆ, ಕರೆ ನಡುವೆ ಕಡಿದರೆ ಒಂದು ಕಪ್ಪು ಗುರುತು. ಮೂರು ಗುರುತಾದರೆ ಕೆಲಸ ಮುಂದುವರಿಯುವುದಿಲ್ಲ.

ಉಳಿದ ಕೋಣೆಗಳಿಗೆ ಜಾರುವ ತೆಳು ತಡಿಕೆಗಳು ಮಾತ್ರ. ಗಟ್ಟಿ ಬಾಗಿಲು ಹಾಕಬಹುದಾದ ಕೋಣೆ ಮನೆಯಲ್ಲಿ ಒಂದೇ, ಹೊಸ್ತಿಲ ಪಕ್ಕದ ಪುಟ್ಟ ಕೋಣೆ. ಅದಕ್ಕೂ ಹಜಾರಕ್ಕೂ ನಡುವೆ ಬಚ್ಚಲು.

"ರಿಪೀಟರ್ ಹಾಕಿದ್ರಾಯ್ತು," ಎಂದ ಉಮಾಶಂಕರ್, ಮತ್ತು ಸಿಗ್ನಲ್ಲನ್ನು ಹಿಡಿದು ಮುಂದಕ್ಕೆ ದಾಟಿಸುವ ಆ ಡಬ್ಬಿಯೊಂದನ್ನು ತಂದು, ಹೊಸ್ತಿಲಿಂದ ಹಜಾರಕ್ಕೆ ಹೋಗುವ ಹಾದಿಯ ಪ್ಲಗ್ಗಿಗೆ ಸಿಕ್ಕಿಸಿದ. ಎರಡನೇ ವಾರದಲ್ಲಿ, ಶಿಶುವಿಹಾರದ ಅರ್ಜಿಯ ಬಗ್ಗೆ ಮಾತಾಡುತ್ತಿದ್ದಾಗ, ಕರೆ ಕಡಿಯಿತು. ಮೊದಲ ಗುರುತು. ಅವನು ಇನ್ನೊಂದು ರಿಪೀಟರ್ ತಂದು ಬಚ್ಚಲ ಬಾಗಿಲ ಹತ್ತಿರ ಸಿಕ್ಕಿಸಿದ. ಸಂತೆಯ ಗದ್ದಲದಲ್ಲಿ ಒಬ್ಬರು ಇನ್ನೊಬ್ಬರಿಗೆ, ಇನ್ನೊಬ್ಬರು ಮತ್ತೊಬ್ಬರಿಗೆ ಕೂಗಿ ಹೇಳಿದ ಹಾಗೆ ಸಿಗ್ನಲ್ ದಾಟಿ ದಾಟಿ ಬಂತು, ಬರುವಷ್ಟರಲ್ಲಿ ಸೊರಗಿತು.

ಎರಡನೆಯ ಸಲ ಕಡಿದದ್ದು ಆಸ್ಪತ್ರೆಯ ಕರೆ. ಔಷಧಿ ಯಾವುದಾದರೂ ಒಗ್ಗುವುದಿಲ್ಲವೇ ಎಂದು ನರ್ಸು ಕೇಳಿದಳು. ಸತ್ಯವತಿ ಕನ್ನಡದಲ್ಲಿ ಕೇಳಿದಳು. ಆ ಹೆಂಗಸು, ಹುಬ್ಬಳ್ಳಿ ಕಡೆಯ ಮಾತಿನವಳು, "ಹೌದ್ರೀ, ನನಗ ಒಂದ್ಸಲ ಆ ಇಂಜೆಕ್ಷನ್..." ಎಂದಳು. ಅಷ್ಟಕ್ಕೇ ಅವಳ ಮುಖ ತೆರೆದ ಬಾಯಿಯೊಂದಿಗೆ ನಿಂತುಬಿಟ್ಟಿತು. ಪರದೆ ಮತ್ತೆ ಚಲಿಸುವಷ್ಟರಲ್ಲಿ ಕರೆ ಬೇರೆ ದುಭಾಷಿಗೆ ಹೋಗಿತ್ತು. ಆಮೇಲೆ ಏನಾಯಿತು ಎಂದು ಕೇಳುವ ಹಾಗಿಲ್ಲ, ಅದೂ ನಿಯಮ. ಸತ್ಯವತಿ ಕತ್ತಲಾದ ಪರದೆಯಲ್ಲಿ ತನ್ನದೇ ಮುಖ ನೋಡುತ್ತಾ ಕೂತಳು. ಹಾದಿಯಲ್ಲಿ ಎರಡು ರಿಪೀಟರುಗಳ ಹಸಿರು ಕಣ್ಣು ಏನೂ ಆಗದವರ ಹಾಗೆ ಮಿಟುಕುತ್ತಿತ್ತು.

ಅವಧಿ ಮುಗಿಯಲು ಇನ್ನೂ ಐದು ವಾರ ಬಾಕಿ. ಒಂದೇ ಒಂದು ಗುರುತು ಉಳಿದಿತ್ತು.

ಆ ಶನಿವಾರ ಉಮಾಶಂಕರ್ ಆಫೀಸಿನ ಮಧುಕರನನ್ನೂ ಕಿರಣನನ್ನೂ ಕರೆದ. ಮನೆಯ ಸಿಗ್ನಲ್ ನೋಡಲು ಎಂದೇ ಕರೆದದ್ದು. ಬಿಸಿಬೇಳೆಬಾತು ಎರಡೆರಡು ಸಲ ಬಡಿಸಿಯಾಯಿತು. ಮಧುಕರ ಫೋನು ಹಿಡಿದು ಮನೆ ಸುತ್ತಿದ. ಅವನ ಪರದೆಯಲ್ಲಿ ಮನೆ ಹಸಿರು, ಹಳದಿ, ಕೆಂಪು ಬಣ್ಣದ ನಕ್ಷೆಯಾಯಿತು.

"ಗುರು, ಈ ಬಾತ್‌ರೂಮ್ ಇಡೀ ಸ್ಟೀಲ್ ಡಬ್ಬ ಕಣೋ. ಅಡ್ಡ ನಿಂತ್ಬಿಟ್ಟಿದೆ, ನಮ್ ಮ್ಯಾನೇಜರ್ ಥರ," ಎಂದ ಮಧುಕರ.

"ಮೆಶ್ ತಗೊಂಡ್ಬಿಡು ಉಮಾ. ಮೂರು ಡಬ್ಬಿ, ಒಂದೇ ವೈಫೈ. ಕ್ಲೀನ್ ಸೊಲ್ಯೂಷನ್," ಎಂದ ಕಿರಣ.

"ಮೆಶ್ಶೂ ಗಾಳೀಲೇ ತಾನೆ ಬರೋದು? ಡಬ್ಬ ಅಲ್ಲೇ ಇರತ್ತಲ್ಲ?" ಎಂದಳು ಸತ್ಯವತಿ, ಹಪ್ಪಳದ ತಟ್ಟೆ ಹಿಡಿದು.

ಮೂವರೂ ಅವಳನ್ನು ನೋಡಿದರು.

"ಅಬ್ಬಾ, ಅತ್ತಿಗೆ ಪಿಕ್‌ಅಪ್ ಮಾಡ್ಬಿಟ್ರು!" ಮಧುಕರ ಚಪ್ಪಾಳೆ ತಟ್ಟಿದ. "ಉಮಾ, ಇವ್ರನ್ನೇ ಪ್ರಾಜೆಕ್ಟಿಗೆ ಹಾಕ್ಕೊಳೋ."

"ತಂತಿ ಎಳೆದು ಆ ರೂಮಲ್ಲೇ ಇನ್ನೊಂದು ವೈಫೈ ಡಬ್ಬಿ ಇಡಕ್ಕಾಗಲ್ವೇನ್ರೀ?"

"ಆಕ್ಸೆಸ್ ಪಾಯಿಂಟ್," ತಿದ್ದಿದ ಉಮಾಶಂಕರ್. "ಆಗತ್ತೆ. ಗೋಡೆ ಕೊರೀಬೇಕು. ಬಾಡಿಗೆ ಮನೆ ಇದು, ಬಿಡೋವಾಗ ಇದ್ದ ಹಾಗೇ ಮಾಡಿಕೊಡ್ಬೇಕು. ಒಂದು ಮೊಳೆ ತೂತಿಗೂ ಇಲ್ಲಿ ಲೆಕ್ಕ ಕೇಳ್ತಾರೆ."

"ಕೊರಿಯೋದು ಬೇಡ. ಗೋಡೆ ಬುಡಕ್ಕೆ ಅಂಟಿಸ್ಕೊಂಡು ಹೋದ್ರೆ? ಓತ್ಸುಕಾ-ಸಾನ್‌ನ ಒಂದು ಮಾತು ಕೇಳಿ..."

"ಅಯ್ಯೋ, ಅವ್ರನ್ನ ಮಾತ್ರ ಕೇಳ್ಬೇಡ! ಕೇಳಿದ್ರೆ ಬೇಡ ಅಂತಾರೆ, ಮುಗೀತು."

ಅವರು ಐದು ಗಂಟೆಗೆ ಹೊರಟರು. ಹೋಗುವಾಗ ಕಿರಣ, "ಬಾತು ಸೂಪರ್," ಎಂದ. ಮೇಜಿನ ಮೇಲೆ ಕಾಫಿ ಲೋಟದೊಳಗೆ ಯಾರೋ ಮೂಗು ಒರೆಸಿದ ಟಿಶ್ಯೂವನ್ನು ತುರುಕಿದ್ದರು. ಅದು ತಳದ ಕಾಫಿ ಹೀರಿ ಮೆತ್ತಗೆ ಊದಿಕೊಂಡಿತ್ತು. ಸತ್ಯವತಿ ಅದನ್ನು ಇಕ್ಕಳದಿಂದ ಎತ್ತಿದಳು. ಐದು ಗಂಟೆ ಹೊತ್ತು ಮೂರು ಜನ ಇಂಜಿನಿಯರುಗಳು ಮನೆಯಲ್ಲಿದ್ದರು. ಒಂದು ತಂತಿಯನ್ನೂ ಯಾರೂ ಮುಟ್ಟಲಿಲ್ಲ. ಉಮಾಶಂಕರ್ ಮಾರನೇ ದಿನ ಮೂರನೇ ರಿಪೀಟರ್ ತಂದ.

ಗುರುವಾರ ಬೆಳಿಗ್ಗೆ ಕಸದ ಚೀಲ ಇಡಲು ಕೆಳಗಿಳಿದಾಗ ಓತ್ಸುಕಾ-ಸಾನ್ ಗಿಂಕೋ ಮರದ ಎಲೆ ಗುಡಿಸುತ್ತಿದ್ದರು. ಎಪ್ಪತ್ತು ದಾಟಿದ ಮನುಷ್ಯ, ಎರಡೂ ತೋಳಿಗೆ ಕಪ್ಪು ಬಟ್ಟೆಯ ಕವಚ. ಎಲೆಗಳನ್ನು ಗುಡ್ಡೆ ಮಾಡುವ ರೀತಿಯಲ್ಲೇ ಒಂದು ಅಚ್ಚುಕಟ್ಟು. ಸತ್ಯವತಿ ಹನ್ನೊಂದು ವರ್ಷ ಅವರಿಗೆ ತಲೆ ಬಾಗಿಸಿ ದಾಟಿದ್ದಳು. ಇವತ್ತು ನಿಂತಳು.

"ಸುಮಿಮಾಸೆನ್," ಎಂದು ಕ್ಷಮೆ ಕೇಳಿ ಮಾತು ತೆಗೆದಳು. ಆಮೇಲೆ ಜಪಾನಿಯಲ್ಲಿ, ಒಂದೇ ಉಸಿರಿಗೆ, ಹೊಸ್ತಿಲ ಪಕ್ಕದ ಕೋಣೆಗೆ ಗೋಡೆಯ ಬುಡದಲ್ಲಿ ಒಂದು ತಂತಿ ಅಂಟಿಸಿಕೊಳ್ಳಬಹುದೇ, ಗುರುತು ಉಳಿಯದ ಅಂಟಿನಿಂದ, ಎಂದು ಕೇಳಿದಳು.

ಓತ್ಸುಕಾ-ಸಾನ್ ಪೊರಕೆಯನ್ನು ಗೋಡೆಗೆ ಒರಗಿಸಿದರು. ಒಳಗೆ ಹೋಗಿ ಒಂದು ದಪ್ಪ ಫೈಲು ತಂದು, ಏಳನೇ ಮಹಡಿಯ ನಕ್ಷೆ ಬಿಡಿಸಿದರು. ಪೆನ್ನಿನ ತುದಿಯಿಂದ ಒಂದು ಪುಟ್ಟ ತ್ರಿಕೋನ ತೋರಿಸಿದರು.

"ಆ ಕೋಣೆಗೆ ತಂತಿ ಇದೆಯಲ್ಲ, ಓಕ್ಸಾನ್," ಎಂದರು. ಮನೆಯೊಡತಿಯರನ್ನು ಅವರು ಕರೆಯುವುದು ಹಾಗೆ. "ಕಟ್ಟುವಾಗಲೇ ಗೋಡೆಯೊಳಗೆ ಎಳೆದದ್ದು. ಈ ತುದಿ ನಿಮ್ಮ ಹಜಾರದ ಬೀರುವಿನ ಪೆಟ್ಟಿಗೆಯಲ್ಲಿದೆ. ಆ ತುದಿ ಕೋಣೆಯ ಗೋಡೆಯಲ್ಲಿ. ಅಂಟಿಸುವುದೇ ಬೇಡ."

"ನಮಗೆ ಗೊತ್ತಿರಲಿಲ್ಲ."

ಓತ್ಸುಕಾ-ಸಾನ್ ಗೊಂದಲದಿಂದ ಇನ್ನೊಂದು ಹಾಳೆ ತೆಗೆದರು. ಮನೆಗೆ ಬಂದ ದಿನ ಒಂದೊಂದು ನಲ್ಲಿ, ಒಂದೊಂದು ಕಿಟಕಿ ಪರೀಕ್ಷಿಸಿ ಸಹಿ ಹಾಕುವ ಪಟ್ಟಿ ಅದು. ಹನ್ನೊಂದು ವರ್ಷದ ಹಿಂದಿನದು, ಆದರೂ ಅಂಚು ಸಹ ಮಡಿಚಿಕೊಂಡಿರಲಿಲ್ಲ. ಹದಿನಾಲ್ಕನೇ ಸಾಲಿನಲ್ಲಿ, ತಂತಿ ಪೆಟ್ಟಿಗೆ ಮತ್ತು ಕೋಣೆಯ ಕಿಂಡಿಗಳು ಎಂಬುದರ ಎದುರು, ಉಮಾಶಂಕರನ ಓರೆ ಅಕ್ಷರಗಳಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ಪರೀಕ್ಷಿಸಿದೆ, ಎಲ್ಲ ಸರಿ ಇದೆ.

"ನಿಮ್ಮ ಯಜಮಾನರು ತುಂಬ ತಿಳಿದವರು. ತಾವೇ ಯಂತ್ರ ತಂದು ಪರೀಕ್ಷೆ ಮಾಡಿದೆ ಎಂದಿದ್ದರು," ಎಂದರು ಓತ್ಸುಕಾ-ಸಾನ್, ಮೆಚ್ಚುಗೆಯಿಂದ.

ಸತ್ಯವತಿ ಬಾಗಿ ವಂದಿಸಿದಳು. ಲಿಫ್ಟಿನೊಳಗೆ ಹೋಗಿ ಏಳನೇ ಮಹಡಿಯ ಗುಂಡಿ ಒತ್ತಲು ಮರೆತಳು.

ಸಂಜೆ ಗಂಡ ಬಂದು ಊಟಕ್ಕೆ ಕೂತ ಮೇಲೆ ಕೇಳಿದಳು. ಸ್ಫೂರ್ತಿ ಎದುರಿಗೇ ಇದ್ದಳು. ಹತ್ತು ವರ್ಷದ ಹುಡುಗಿ, ಒಂದು ಕಣ್ಣು ತಟ್ಟೆಯ ಮೇಲೆ, ಇನ್ನೊಂದು ಕಣ್ಣು ಇವರ ಮೇಲೆ.

"ಗೋಡೆ ಒಳಗೆ ತಂತಿ ಇದೆಯಂತೆ. ನೀವೇ ಚೆಕ್ ಮಾಡಿದ್ರಂತೆ."

ಉಮಾಶಂಕರ್ ಉಪ್ಪಿನಕಾಯಿ ರಸ ಅನ್ನಕ್ಕೆ ಒತ್ತಿಕೊಂಡ. "ಯಾರಂದ್ರು?"

"ಓತ್ಸುಕಾ-ಸಾನ್."

"ಕೇಳ್ಬೇಡ ಅಂದಿದ್ನಲ್ಲ." ಒಂದು ತುತ್ತು ನುಂಗಿದ. "ಹ್ಞೂಂ, ಇದೆ."

"ಮತ್ತೆ?"

"ಮತ್ತೆ ಅಂದ್ರೆ? ಆ ಪೆಟ್ಟಿಗೆ ದೇವರ ಹಿಂದೆ ಇದೆ ಕಣೆ. ತೆಗೀಬೇಕು ಅಂದ್ರೆ ಮಂಟಪ ಎತ್ತಬೇಕು. ದೇವ್ರನ್ನ ಎಬ್ಬಿಸ್ಬೇಕು ಅಂದ್ರೆ ಅಮ್ಮನ್ನ ಕೇಳ್ಬೇಕು, ಅಮ್ಮ ಪುರೋಹಿತ್ರನ್ನ ಕೇಳ್ಬೇಕು, ಅವ್ರು ದಿನ ನೋಡ್ಬೇಕು. ಆ ಕಡೆ ರೂಮಲ್ಲಿ ವಿನಾಯಕನ ರ್‍ಯಾಕ್ ಬೇರೆ ಜರುಗಿಸ್ಬೇಕು, ಸಾಮಾನೆಲ್ಲ ಇಳಿಸಿ. ನನಗೆ ಸಿಗೋದು ಒಂದು ಭಾನುವಾರ. ಯಾರಿಗೆ ಬೇಕು ಆ ರಗಳೆ?"

"ಎರಡು ಗುರುತು ಬಿದ್ದಿದೆ ನನಗೆ. ಇನ್ನೊಂದು ಬಿದ್ರೆ ಕೆಲಸ ಇಲ್ಲ."

"ಅದಕ್ಕೇ ಮೂರು ರಿಪೀಟರ್ ತಂದು ಹಾಕಿದೀನಲ್ಲಮ್ಮ." ಅವನು ಕಿರುಬೆರಳಿನಿಂದ ಮಣಿಕಟ್ಟಿನವರೆಗೆ ಇಳಿದ ಸಾರನ್ನು ನಾಲಗೆಯಿಂದ ನೆಕ್ಕಿದ. "ಹೋದ್ರೆ ಹೋಗ್ಲಿ ಬಿಡು, ಇನ್ನೊಂದು ಸಿಗತ್ತೆ. ಟೈಮ್‌ಪಾಸ್ ಕೆಲಸಕ್ಕೆ ಇಷ್ಟು ಟೆನ್ಷನ್ ಯಾಕೆ?"

"ಪಾಪಾ, ಸೈತೇ," ಎಂದಳು ಸ್ಫೂರ್ತಿ, ತಟ್ಟೆಯಿಂದ ಕಣ್ಣೆತ್ತದೆ. ಕೀಳು ಎಂಬುದಕ್ಕೆ ಅವಳ ಶಾಲೆಯ ಮಕ್ಕಳು ಹೇಳುವ ಮಾತು.

"ಏನಂದ್ಲು?" ಎಂದ ಉಮಾಶಂಕರ್.

ಸತ್ಯವತಿ ಆ ಮಾತಿಗೆ ದುಭಾಷಿಯಾಗಲಿಲ್ಲ. ಅವಳು ಅವನ ಮಣಿಕಟ್ಟಿನ ಮೇಲೆ ಒದ್ದೆಯಾಗಿ ಹೊಳೆಯುತ್ತಿದ್ದ ಗೆರೆಯನ್ನೇ ನೋಡುತ್ತಿದ್ದಳು. ಇವನಿಗೆ ಕೆಡುಕು ಮಾಡುವ ಮನಸ್ಸು ಇರಲಿಲ್ಲ. ಇದ್ದಿದ್ದರೆ ಸಿಟ್ಟಾದರೂ ಮಾಡಬಹುದಿತ್ತು. ಇದು ಬರಿಯ ಸೋಮಾರಿತನ, ತೊಳೆಯದೆ ಬಿಟ್ಟ ಪಾತ್ರೆಯ ಮೇಲೆ ಕೂರುವ ಲೋಳೆಯ ಹಾಗೆ. ಆ ಹುಬ್ಬಳ್ಳಿಯ ಹೆಂಗಸಿನ ತೆರೆದ ಬಾಯಿ ಕಣ್ಣಿಗೆ ಬಂತು. ಸತ್ಯವತಿ ತನ್ನ ತಟ್ಟೆಯನ್ನು ಮುಂದಕ್ಕೆ ಸರಿಸಿದಳು.

ಮಾರನೇ ದಿನ ಅವಳಿಗೆ ರಜೆ. ಅವರಿಬ್ಬರೂ ಹೊರಟ ಮೇಲೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲು ಗಂಟು ಕಟ್ಟಿ, ದೇವರ ಬೀರುವಿನ ಮುಂದೆ ಕೂತಳು. ಯಾರನ್ನೂ ಕೇಳಲಿಲ್ಲ. ಕೈ ಮುಗಿದು ಒಂದೊಂದೇ ವಿಗ್ರಹವನ್ನು ಎತ್ತಿ, ಕಿಟಕಿಯ ಹತ್ತಿರದ ಗಿಡ್ಡ ಮೇಜಿನ ಮೇಲೆ ಒಗೆದ ಬಿಳಿ ಬಟ್ಟೆ ಹಾಸಿ ಇಟ್ಟಳು. ಬೆಳಗಿನ ಬಿಸಿಲು ಮೊದಲ ಸಲ ಅವುಗಳ ಮುಖದ ಮೇಲೆ ಬಿತ್ತು. ಆಮೇಲೆ ಮಂಟಪವನ್ನು ಎಳೆದಳು.

ಅದು ಬರಲಿಲ್ಲ. ಎಣ್ಣೆ ಗಟ್ಟಿಯಾಗಿ ಮಂಟಪದ ಕಾಲುಗಳನ್ನು ಬೀರುವಿನ ಹಲಗೆಗೆ ಅಂಟಿಸಿತ್ತು. ಜೋರಾಗಿ ಎಳೆದಾಗ ಹಳೆಯ ಪ್ಲಾಸ್ಟರು ಗಾಯದಿಂದ ಕಿತ್ತು ಬಂದ ಹಾಗೆ ಬಂತು. ಹಿಂದಿನಿಂದ ಒಂದು ವಾಸನೆ ಎದ್ದಿತು. ಹಳಸಿದ ತುಪ್ಪ, ಕೊಳೆತ ಹೂವು, ಹೊಗೆ. ಸಕ್ಕರೆ ನೈವೇದ್ಯ ಕರಗಿ ಹರಿದು ಕಂದು ಬಣ್ಣದ ಪಾಕವಾಗಿತ್ತು. ಅದರೊಳಗೆ ಇರುವೆಗಳು ಸಾಲಾಗಿಯೇ ಸತ್ತಿದ್ದವು. ರೂಟರಿನ ಬಿಸಿಗೆ ಬಂದ ಜಿರಲೆಗಳು ಅದರ ಕೆಳಗೇ ಹುಟ್ಟಿ, ಅಲ್ಲೇ ಸತ್ತು, ರೆಕ್ಕೆಗಳನ್ನು ಮಾತ್ರ ಉಳಿಸಿದ್ದವು. ರೂಟರಿನ ಗಾಳಿಕಿಂಡಿಗಳಲ್ಲಿ ಕುಂಕುಮವೂ ಮಸಿಯೂ ಕಲೆತ ಒಂದು ಜಿಡ್ಡು. ಬೆರಳಿಟ್ಟರೆ ಬೆಚ್ಚಗಿತ್ತು, ಜೀವವಿದ್ದ ಹಾಗೆ.

ಸತ್ಯವತಿ ಬಚ್ಚಲಿಗೆ ಓಡಿ ವಾಂತಿ ಮಾಡಿದಳು. ಬಾಯಿ ಮುಕ್ಕಳಿಸಿ, ಎರಡು ಜೊತೆ ಕೈಗವಸು ಹಾಕಿಕೊಂಡು ಮತ್ತೆ ಬಂದಳು. ಹನ್ನೊಂದು ವರ್ಷ ದಿನಾ ಇದರ ಮುಂದೆ ನಿಂತು ಕಣ್ಣು ಮುಚ್ಚಿದ್ದೇನೆ ಎಂಬುದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಹೇಸಿಗೆ ತಂದಿತು. ಮುಂಭಾಗವನ್ನು ದಿನಾ ಒರೆಸಿದ್ದಳು. ಹಿಂಭಾಗ ಯಾರದೂ ಆಗಿರಲಿಲ್ಲ.

ಬಿಸಿನೀರು, ಸೋಡಾಪುಡಿ, ಹಳೆಯ ಬನಿಯನ್ನು. ಹನ್ನೊಂದೂವರೆಯ ಹೊತ್ತಿಗೆ ಗೋಡೆ ಕಾಣಿಸಿತು. ಗೋಡೆಯಲ್ಲಿ ಅಟ್ಲಾಸ್ ಪುಸ್ತಕದಷ್ಟು ಅಗಲದ ಒಂದು ಬಿಳಿ ಮುಚ್ಚಳ. ಅದರ ಮೇಲೆ ದ್ವಾರಕಾನಾಥರ ಕಾಲದ ಲಕ್ಷ್ಮೀ ಪಟ, ನಾಲ್ಕೂ ಕಡೆ ಟೇಪು. ಪಟವನ್ನು ಹರಿಯದ ಹಾಗೆ ಬಿಡಿಸಿ, ಮುಚ್ಚಳ ತೆರೆದಳು.

ಒಳಗೆ ಧೂಳಿರಲಿಲ್ಲ. ನಾಲ್ಕು ಬಿಳಿ ತಂತಿಗಳು ನಾಲ್ಕು ಹಂಸದ ಕತ್ತುಗಳ ಹಾಗೆ ಬಾಗಿ ಮಲಗಿದ್ದವು. ಪ್ರತಿಯೊಂದರ ಕೊರಳಿಗೂ ಒಂದು ಚೀಟಿ, ಚೀಟಿಯ ಮೇಲೆ ಯಾರೋ ಕೆಲಸಗಾರನ ಸಣ್ಣ, ನೆಟ್ಟಗಿನ ಅಕ್ಷರ: ಹಜಾರ, ಮಲಗುವ ಕೋಣೆ, ಒಳಗಿನ ಪುಟ್ಟ ಕೋಣೆ, ಹೊಸ್ತಿಲ ಪಕ್ಕದ ಪುಟ್ಟ ಕೋಣೆ. ಆ ಅಕ್ಷರಗಳನ್ನು ಅವಳು ಓದಬಲ್ಲವಳಾಗಿದ್ದಳು. ಹಾಗೆಯೇ ಸ್ವಲ್ಪ ಹೊತ್ತು ನೋಡಿದಳು. ಯಾರೂ ನೋಡದ ಜಾಗದಲ್ಲಿ ಒಬ್ಬ ಮನುಷ್ಯ ಇಷ್ಟು ಚೊಕ್ಕವಾಗಿ ಬರೆದಿಟ್ಟು ಹೋಗಿದ್ದ.

ಪುಟ್ಟ ಕೋಣೆಯ ರ್‍ಯಾಕು ಇನ್ನೂ ಕಷ್ಟ ಕೊಟ್ಟಿತು. ಸಾಮಾನೆಲ್ಲ ಇಳಿಸಿ, ಬೆನ್ನು ಕೊಟ್ಟು ತಳ್ಳಿದಾಗ ಗೇಣಷ್ಟು ಸರಿಯಿತು. ಹಿಂದೆ ಕೂದಲಿನ ಉಂಡೆ, ಹುಣಸೆಬೀಜ, ಯಾರದೋ ಕಾಲುಗುರಿನ ಹಳದಿ ತುಣುಕುಗಳು, ಒಂದು ಹಿಡಿಯಷ್ಟು. ವಿನಾಯಕನೋ ಅವನ ಹೆಂಡತಿಯೋ ಇಲ್ಲಿ ಕೂತು ಉಗುರು ಕತ್ತರಿಸಿ ಹಿಂದಕ್ಕೆ ತಳ್ಳುತ್ತಿದ್ದರು. ಅವಳು ಉಸಿರು ಹಿಡಿದು ಗುಡಿಸಿದಳು. ಗೋಡೆಯ ಬುಡದಲ್ಲಿ ಕಿಂಡಿ ಸಿಕ್ಕಿತು. ಅದರ ಮೇಲಿನ ತೆಳು ಪ್ಲಾಸ್ಟಿಕ್ ಪೊರೆಯನ್ನೂ ಯಾರೂ ತೆಗೆದಿರಲಿಲ್ಲ, ಪರೀಕ್ಷಿಸಿದೆ ಎಂದು ಬರೆದುಕೊಟ್ಟವನೂ.

ಬೀರುವಿನ ಮೇಲಿನ ಖಾನೆಯಲ್ಲಿ ಉಮಾಶಂಕರನ ಹಳೆಯ ರೂಟರೊಂದು ಡಬ್ಬಿಯಲ್ಲೇ ಇತ್ತು. ಹಜಾರದ ರೂಟರಿನಿಂದ ಒಂದು ಗಿಡ್ಡ ತಂತಿಯನ್ನು, ಹೊಸ್ತಿಲ ಪಕ್ಕದ ಪುಟ್ಟ ಕೋಣೆ ಎಂಬ ಚೀಟಿಯ ತಂತಿಗೆ ಸೇರಿಸಿದಳು. ಈ ಕಡೆ ಕಿಂಡಿಯಿಂದ ಇನ್ನೊಂದು ತಂತಿಯನ್ನು ಹಳೆಯ ರೂಟರಿಗೆ ಸಿಕ್ಕಿಸಿದಳು. ದೀಪ ಕೆಂಪಾಗಿ ಮಿಟುಕಿತು. ವೈಫೈ ಕಾಣಿಸಿತು, ಆದರೆ ಇಂಟರ್ನೆಟ್ ಬರಲಿಲ್ಲ. ಕೈಪಿಡಿ ತೆಗೆದಳು. ಉಮಾಶಂಕರ್ ಎಂದೂ ತೆರೆಯದ ಕೈಪಿಡಿ, ಇಡೀ ಜಪಾನಿಯಲ್ಲಿತ್ತು. ಹದಿನೇಳನೇ ಪುಟದಲ್ಲಿತ್ತು ಉತ್ತರ: ಮನೆಯಲ್ಲಿ ಆಗಲೇ ಒಂದು ರೂಟರು ಇದ್ದರೆ ಎರಡನೆಯದು ಯಜಮಾನಿಕೆ ಮಾಡಬಾರದು, ಬೆನ್ನಿನ ಪುಟ್ಟ ಸ್ವಿಚ್ಚನ್ನು ಆಕ್ಸೆಸ್ ಪಾಯಿಂಟ್ ಎಂಬ ಕಡೆಗೆ ಜರುಗಿಸಿ. ಹೇರ್‌ಪಿನ್ನಿನ ತುದಿಯಿಂದ ಜರುಗಿಸಿದಳು. ದೀಪ ಆರಿ, ಯೋಚಿಸಿ, ಹಸಿರಾಗಿ ನಿಂತಿತು.

ಅದಕ್ಕೊಂದು ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಟ್ಟಳು. ಮೂರು ರಿಪೀಟರುಗಳನ್ನೂ ಕಿತ್ತು ಚೀಲಕ್ಕೆ ಹಾಕಿದಳು. ಕಂಪನಿಯ ಮೇಲಧಿಕಾರಿ ಹಯಾಶಿ-ಸಾನ್‌ಗೆ ಪರೀಕ್ಷೆಯ ಕರೆ ಮಾಡಿದಾಗ ಅವರು ಇಪ್ಪತ್ತು ನಿಮಿಷ ನೋಡಿ, "ಸ್ಥಿರವಾಗಿದೆ. ಮೊದಲ ದಿನದಿಂದ ಹೀಗಿದ್ದರೆ ಚೆನ್ನಾಗಿತ್ತು," ಎಂದರು. ಸತ್ಯವತಿ, "ಹೌದು," ಎಂದಳು.

ಸಂಜೆ ಉಮಾಶಂಕರ್ ಕಿಟಕಿಯ ಹತ್ತಿರ ದೇವರನ್ನು ನೋಡಿ ಬೂಟು ಬಿಚ್ಚುವುದನ್ನೂ ಮರೆತ.

"ಏನೇ ಇದು! ಅಮ್ಮನಿಗೆ ಏನಂತ ಹೇಳ್ಲಿ?"

"ತೊಳೆದೆ ಅಂತ ಹೇಳಿ."

ಅವನು ಬೀರುವಿನೊಳಗೆ ಇಣುಕಿದ, ಪುಟ್ಟ ಕೋಣೆಗೆ ಹೋಗಿ ನೋಡಿದ, ತಂತಿಯ ತುದಿಯನ್ನು ಬೆರಳಿನಿಂದ ತಟ್ಟಿದ. "ನಾಟ್ ಬ್ಯಾಡ್," ಎಂದ. ರಾತ್ರಿ ಕನ್ನಡದವರ ವಾಟ್ಸಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ತೆರೆದ ಬಿಳಿ ಪೆಟ್ಟಿಗೆ, ಹಸಿರು ದೀಪ. ಕೆಳಗೆ ಉಮಾಶಂಕರ್ ಬರೆದಿದ್ದ: ಕೊನೆಗೂ ಮನೆಗೆ ವೈರ್ಡ್ ಆಕ್ಸೆಸ್ ಪಾಯಿಂಟ್ ಹಾಕಿದೆ. ಮಧುಕರ ಚಪ್ಪಾಳೆಗಳ ಸಾಲು ಕಳಿಸಿದ್ದ: ಗುರು, ನೀನು ಬಿಡಪ್ಪ. ಸತ್ಯವತಿಯ ಉಗುರುಗಳ ಸಂದಿಯಲ್ಲಿ ಇನ್ನೂ ಆ ಜಿಡ್ಡಿನ ವಾಸನೆ ಇತ್ತು. ಅವಳು ಫೋನು ಮಗುಚಿ ಇಟ್ಟು ಮತ್ತೊಮ್ಮೆ ಕೈ ತೊಳೆದಳು.

ನಾಲ್ಕು ವಾರ ಒಂದು ಕರೆಯೂ ಕಡಿಯಲಿಲ್ಲ. ಅವಧಿಯ ಕೊನೆಯ ದಿನ ಸರ್ಕಾರಿ ರಜೆ, ಉಮಾಶಂಕರ್ ಮನೆಯಲ್ಲಿದ್ದ. ಮೂರು ಗಂಟೆಗೆ ಒಂದು ಕರೆ ಬಂತು. ಕಾಶಿವಾ ಎಂಬ ಊರಿನ ಕಡೆಯ ಒಂದು ಆಸ್ಪತ್ರೆ. ಸಂಶೋಧನೆಗೆ ಬಂದ ಗಂಡನ ಜೊತೆ ಬಂದಿದ್ದ ಚಿಕ್ಕ ವಯಸ್ಸಿನ ಹುಡುಗಿ, ಹೆಸರು ತಾರಾ. ಡಾಕ್ಟರು ಕೇಳಿದ್ದನ್ನು ಸತ್ಯವತಿ ಮೆಲ್ಲಗೆ ಕನ್ನಡದಲ್ಲಿ ಕೇಳಿದಳು. ಆ ಹುಡುಗಿ ಮೊದಲು ಗಂಡನನ್ನು ಹೊರಗೆ ಕಳಿಸಿ ಎಂದಳು. ಕಳಿಸಿದರು. ಅವಳು ತುಟಿ ಕಚ್ಚಿ, "ಮೇಡಂ, ಇದನ್ನ ಯಾರಿಗೂ..." ಎಂದು ಶುರು ಮಾಡಿದಳು.

ಸತ್ಯವತಿಯ ಹಿಂದೆ ಬಾಗಿಲು ತೆರೆಯಿತು.

"ಸತ್ಯ, ಈ ವೈಫೈ ಪಾಸ್‌ವರ್ಡ್ ಏನೇ? ಬಚ್ಚಲಲ್ಲಿ ಮ್ಯಾಚ್ ನಿಂತುನಿಂತು ಬರ್ತಿದೆ." ಬನಿಯನ್ನು, ಕೈಯಲ್ಲಿ ಫೋನು. ಬಾಯಲ್ಲಿ ಅಗಿಯುತ್ತಿದ್ದ ಚಕ್ಕುಲಿ.

ಸತ್ಯವತಿ ಹಿಂದಕ್ಕೆ ಕೈ ಚಾಚಿ, ಹೋಗಿ ಎಂದು ಸನ್ನೆ ಮಾಡಿದಳು. ಅವನು ಹೋಗಲಿಲ್ಲ. ಪರದೆಯ ಕಡೆ ಬಗ್ಗಿ, "ಓ, ನಮ್ಮವ್ರಾ?" ಎಂದ.

ಆ ಹುಡುಗಿ ಗಂಡಸಿನ ದನಿ ಕೇಳಿ ಬಾಯಿ ಮುಚ್ಚಿದಳು. ಡಾಕ್ಟರಿಗೆ ಏನೂ ಗೊತ್ತಾಗಿರಲಿಲ್ಲ, ಅವರು ಪೆನ್ನು ಹಿಡಿದು ಕಾಯುತ್ತಿದ್ದರು. ಇವನು ಒಳಗೆ ಬಂದದ್ದನ್ನು ಸತ್ಯವತಿ ತಾನಾಗಿ ಹೇಳದಿದ್ದರೆ ದಾಖಲೆಯಾಗುವುದಿಲ್ಲ. ಹೇಳಿದರೆ ಮೂರನೇ ಗುರುತು ಬೀಳಬಹುದು, ಅದೂ ಕೊನೆಯ ದಿನ. ಹೆಗಲ ಮೇಲೆ ಚಕ್ಕುಲಿಯ ಒಂದು ಎಂಜಲು ಚೂರು ಬಿದ್ದದ್ದು ಅವಳಿಗೆ ಗೊತ್ತಾಯಿತು.

"ಕ್ಷಮಿಸಿ, ಡಾಕ್ಟರ್," ಎಂದಳು ಜಪಾನಿಯಲ್ಲಿ, ಸ್ಪಷ್ಟವಾಗಿ. "ನನ್ನ ಕೋಣೆಗೆ ಹೊರಗಿನವರೊಬ್ಬರು ಬಂದಿದ್ದಾರೆ. ನಿಯಮದಂತೆ ತಿಳಿಸುತ್ತಿದ್ದೇನೆ. ಒಂದು ನಿಮಿಷ ಕೊಡಿ." ಅದನ್ನೇ ಆ ಹುಡುಗಿಗೆ ಕನ್ನಡದಲ್ಲಿ ಹೇಳಿದಳು, ಅದೇ ದನಿಯಲ್ಲಿ, ಒಂದು ಪದವನ್ನೂ ಬಿಡದೆ.

ಹೊರಗಿನವರು ಎಂಬುದನ್ನು ಉಮಾಶಂಕರ್ ಕೇಳಿಸಿಕೊಂಡ. ಅವನ ದವಡೆ ನಿಂತಿತು. ಅವಳು ಎದ್ದು, ಅವನನ್ನು ಮುಟ್ಟದೆ, ಬಾಗಿಲನ್ನು ಅವನ ಕಡೆಗೆ ದಬ್ಬುತ್ತಾ ಹೋದಳು. ಅವನು ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದ. ಬಾಗಿಲು ಹಾಕಿ, ಕುರ್ಚಿಯನ್ನು ಅದಕ್ಕೆ ಒರಗಿಸಿ, ನಿಂತುಕೊಂಡೇ ಟ್ಯಾಬ್ಲೆಟ್ಟನ್ನು ಕೈಯಲ್ಲಿ ಹಿಡಿದಳು.

"ಈಗ ನಾನು ಒಬ್ಬಳೇ ಇದ್ದೀನಿ ತಾರಾ. ಹೇಳಿ."

ಕರೆ ನಲವತ್ತು ನಿಮಿಷ ನಡೆಯಿತು. ಹುಡುಗಿ ಹೇಳಬೇಕಾದ್ದನ್ನೆಲ್ಲ ಹೇಳಿದಳು. ಅವಳ ಮುಖ ಒಮ್ಮೆಯೂ ನಿಲ್ಲಲಿಲ್ಲ.

ಐದು ಗಂಟೆಗೆ ಹಯಾಶಿ-ಸಾನ್ ಪತ್ರ ಕಳಿಸಿದರು. ಕರೆ ಕಡಿದದ್ದು ಎರಡು ಸಲ. ಹೊರಗಿನವರ ಪ್ರವೇಶ ಒಂದು ಸಲ, ದುಭಾಷಿಯೇ ತಿಳಿಸಿದ್ದಾರೆ, ಇದನ್ನು ಗುರುತಾಗಿ ಎಣಿಸಿಲ್ಲ. ಮುಚ್ಚಿಟ್ಟಿದ್ದರೆ ಎಣಿಸಬೇಕಾಗುತ್ತಿತ್ತು. ನಾಳೆಯಿಂದ ಒಂದು ವರ್ಷದ ಒಪ್ಪಂದ.

ಬಾಗಿಲ ಆಚೆ ಹಾದಿಯಲ್ಲಿ ಚಪ್ಪಲಿಯ ಸದ್ದು ಬಂದು ನಿಂತಿತು. "ಸತ್ಯಾ? ಆಯ್ತಾ ಕರೆ? ಹೊರಗಿನವ್ರು ಕಾಫಿ ಕೇಳ್ತಾ ಇದಾರೆ," ಎಂದ ಉಮಾಶಂಕರ್, ನಗೆಯಾಡುವ ದನಿಯಲ್ಲಿ. ಸ್ವಲ್ಪ ತಡೆದು, "ಪಾಸ್‌ವರ್ಡ್ ಕೊಡಲ್ವಾ ಹಾಗಾದ್ರೆ?" ಎಂದ.

"ಕೊಡಲ್ಲ," ಎಂದಳು ಸತ್ಯವತಿ. ಹೆಗಲಿನ ಚೂರನ್ನು ಒಂದು ಕಾಗದದಿಂದ ತೆಗೆದು ಬುಟ್ಟಿಗೆ ಹಾಕಿದಳು. ಆಮೇಲೆ ಪತ್ರವನ್ನು ಮೊದಲಿನಿಂದ ಇನ್ನೊಮ್ಮೆ ಓದಿದಳು, ಒಂದೊಂದು ಅಕ್ಷರವನ್ನೂ ನಿಧಾನವಾಗಿ.